ಕಿರೀಟದೊಳಗಿನ ಮೊಟ್ಟೆ

ನಾಟಕ ಕಂಪನಿ ಅಂದರೆ ನನಗೆ ಇವತ್ತಿಗೂ ಭೀಮಣ್ಣನೇ ನೆನಪು. ಭೀಮಣ್ಣ ಅಂದರೆ ನಮ್ಮ ಗಿಳಿ.

ಆಗ ಹೆಣ್ಣಿನ ಪಾರ್ಟನ್ನೂ ಗಂಡಸರೇ ಮಾಡುತ್ತಿದ್ದೆವು. "ನನ್ನ ಕಂಪನಿಯೊಳಗ ಹೆಣ್ಣಿನ ನೆರಳೂ ಇಲ್ಲ" ಎಂದು ಮಾಲಕರಾದ ಚನ್ನಮಲ್ಲಪ್ಪನವರಿಗೆ ಬಲು ಜಂಬ. ರಾಜನ ಪಾರ್ಟು ಅವರದೇ. ಅವರ ಹೆಗಲ ಮೇಲೆ ಕೂತು "ಯಾರಲ್ಲಿ?" ಎಂದು ಆಳುಗಳನ್ನು ಕರೆಯುವ ಕೆಲಸ ಭೀಮಣ್ಣನದು.

ಒಂದು ಸಂಜೆ ಮಾಲಕರು ಬಣ್ಣ ಹಚ್ಚಿಕೊಂಡು ಕಿರೀಟಕ್ಕೆ ಕೈ ಹಾಕಿದರೆ, ಅದರೊಳಗೆ ಭೀಮಣ್ಣ ಕೂತಿದೆ. ಹೊಟ್ಟೆಯಡಿ ಬೆಳ್ಳಗೊಂದು ಮೊಟ್ಟೆ.

"ಇಷ್ಟು ವರ್ಷ ಮೋಸ ಮಾಡೈತಿ. ಈಗಿಂದೀಗ ಹೊರಗ ಹಾಕ್ರಿ ಅದನ್ನ" ಎಂದು ಗುಡುಗಿದರು.

ನಾಯಕಿಯ ಪಾರ್ಟಿನ ಸಂಗನಬಸಪ್ಪ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತ ಎದ್ದ. "ಮಾಲಕರ, ನಾ ಗಂಡಸು ಅಂತ ಯಾರಿಗೂ ಗೊತ್ತಾಗ್ಲಿಲ್ಲಂತ ನನಗ ಬೆಳ್ಳಿ ಪದಕ ಕೊಟ್ರಿ. ಅದು ಹೆಣ್ಣು ಅಂತ ನಿಮಗೂ ಗೊತ್ತಾಗ್ಲಿಲ್ಲ. ಅದಕ್ಕೇನು ಕೊಡ್ತೀರಿ?"

ಮಾಲಕರ ಮೀಸೆ ಅದುರಿತು. ಆಮೇಲೆ ನಗುವಿಗೆ ಹೊಟ್ಟೆಯೂ ಕುಣಿಯತೊಡಗಿತು.

ಈಗ ಆ ಕಂಪನಿಯೂ ಇಲ್ಲ, ಆ ಜನವೂ ಇಲ್ಲ. ಅವತ್ತಿನ ಚಪ್ಪಾಳೆ ಮಾತ್ರ ಕಿವಿಯಲ್ಲಿ ಉಳಿದಿದೆ. ಆ ರಾತ್ರಿಯ ಆಟದಲ್ಲಿ ಮಾಲಕರು ಕಿರೀಟವನ್ನು ಭೀಮಣ್ಣನಿಗೇ ಬಿಟ್ಟು, ಬರೀ ರುಮಾಲು ಸುತ್ತಿಕೊಂಡು ಸಿಂಹಾಸನದ ಮೇಲೆ ಕೂತಿದ್ದರು. ಪರದೆಯ ಹಿಂದೆ ಕಿರೀಟದೊಳಗಿನಿಂದ "ಯಾರಲ್ಲಿ?" ಎಂಬ ಕೂಗು ಬಂತು. ರಾಜರೇ ಎದ್ದು ನಿಂತು ಕೈಮುಗಿದರು.

"ಬಂದೆ, ತಾಯಿ."