ಮಾಳವ್ವನ ಬಾಗಿಲು

ಇಲ್ಲಿಯ ಬಾವಿ ಮಣ್ಣು ತುಂಬಿ ಮುಚ್ಚಿಹೋದದ್ದು ಏಳು ತಲೆಮಾರಿನ ಹಿಂದೆ, ಕಾರಹುಣ್ಣಿಮೆ ಕಳೆದ ತಿಂಗಳಲ್ಲಿ. ಜೋಡುಗುಡ್ಡದ ನಡುವಿನ ಕಣಿವೆಗೆ ಇಂದು ಮಾಳವ್ವನ ಬಾಗಿಲು ಎಂದು ಹೆಸರು. ಅಲ್ಲಿ ಕದವಿಲ್ಲ, ಚೌಕಟ್ಟಿಲ್ಲ. ಎರಡು ಬದಿಗೆ ಮುರುಕು ಕಲ್ಲುಗೋಡೆ, ನಡುವೆ ಗಾಳಿ. ಪಡುವಣ ಬಯಲಿನಲ್ಲಿ ಹರಡಿಕೊಂಡು ಬರುವ ಗಾಳಿ ಇಲ್ಲಿ ಇಕ್ಕಟ್ಟಿಗೆ ಸಿಕ್ಕಿ ಬಿರುಸಾಗುತ್ತದೆ. ನಿಂತವರ ಮಾತು ಪಕ್ಕದವರಿಗೆ ಮುಟ್ಟುವುದಿಲ್ಲ.

ಹಿಂದೆ ಒಮ್ಮೆ ಈ ಕಣಿವೆಯ ಮೂಡಣ ಬಾಯಲ್ಲಿ ಕುರಿಗಾರರ ಊರೊಂದಿತ್ತು, ಊರಿಗೆಲ್ಲ ಒಂದೇ ಮೆಟ್ಟಿಲುಬಾವಿ ಇತ್ತು ಎನ್ನುತ್ತಾರೆ. ಮಾಳವ್ವನ ಗಂಡ ಹೊಳೆಯಪ್ಪ ಕುರಿ ಹೊಡೆದುಕೊಂಡು ಪಡುವಣದ ಸುಣ್ಣದ ನೆಲಕ್ಕೆ ಹೋದವನು ಮರಳಿರಲಿಲ್ಲ. ಅಂದಿನಿಂದ ಗಾಳಿಗಾಲ ಬಂತೆಂದರೆ ಅವಳು ಕರಿ ಕಂಬಳಿಯನ್ನು ನೆನೆಸಿ ಕಣಿವೆಯ ಬಂಡೆಯ ಮೇಲೆ ಹಾಸುವಳು. ಸಂಜೆ ಅದರ ಮೇಲೆ ಕೂತ ಧೂಳನ್ನು ಬೆರಳಲ್ಲಿ ತಿಕ್ಕಿ ನೋಡುವಳು. ಉರುಟಾದ ಕೆಂಪು ಮರಳು ಪಕ್ಕದ ಹೊಲದ್ದು. ಬೆರಳಿಗೆ ಅಂಟುವ ಕರಿಯದು ಹೊಳೆಯಾಚೆಯ ಎರೆಮಣ್ಣು. ಹಿಟ್ಟಿನಂತೆ ನುಣ್ಣಗಿನ ಬಿಳಿಯದು ಹನ್ನೆರಡು ದಿನದ ನಡಿಗೆಯಾಚೆಯ ಸುಣ್ಣದ ನೆಲದ್ದು. ಮಣ್ಣು ನುಣ್ಣಗಾದಷ್ಟೂ ಬಂದ ದಾರಿ ದೂರ ಎಂಬುದು ಅವಳಿಗೆ ಹೀಗೆ ತಿಳಿಯಿತು. ಬಿಳಿ ಧೂಳು ಬಿದ್ದ ದಿನ ಎರಡು ರೊಟ್ಟಿ ಹೆಚ್ಚು ಬಡಿಯುತ್ತಿದ್ದಳಂತೆ.

ಒಂದು ವರ್ಷ ಧೂಳಿನ ಕಾಟಕ್ಕೆ ಬೇಸತ್ತ ಊರು, ಬಾವಿ ಉಳಿಸಿಕೊಳ್ಳಲು ಕಣಿವೆಗೆ ಅಡ್ಡಗೋಡೆ ಹಾಕುವುದೆಂದು ಗೊತ್ತುಮಾಡಿತು. ಮಾಳವ್ವ ಬೇಡವೆಂದಳು.

"ಗಂಡನ ಸುದ್ದಿ ತರೋ ಗಾಳಿ ಸಲುವಾಗಿ ಊರೆಲ್ಲ ಮಣ್ಣು ತಿನ್ನಬೇಕೇನ ತಂಗಿ?" ಎಂದ ಊರಗೌಡ ಚೆನ್ನವೀರಪ್ಪ.

"ನನ್ನ ಗಂಡನ್ನ ಬಿಡ್ರಿ ಗೌಡ್ರ. ಓಡೋ ಗಾಳಿ ಮಣ್ಣು ಹೊತ್ಕೊಂಡು ಮುಂದ ಹೋಗತೈತಿ. ಗ್ವಾಡಿ ಹತ್ತಿ ಇಳದ್ರ ದಣೀತೈತಿ. ಹೊರಿ ತಂದು ಬಾವ್ಯಾಗ ಇಳಸ್ತೈತಿ."

"ಗಾಳಿಗೂ ಸೊಂಟನೋವು ಬರ್ತೈತಂತ, ಕೇಳ್ರಪಾ!" ಎಂದಿತು ಗುಂಪಿನೊಳಗಿನ ಒಂದು ದನಿ. ಎಲ್ಲರೂ ನಕ್ಕರು. ಗಂಡನಿಗಾಗಿ ಕಾಯುವವಳ ಮಾತಿನಲ್ಲಿ ಬೇರೆ ಅರ್ಥ ಇದ್ದೀತೆಂದು ಯಾರಿಗೂ ಹೊಳೆಯಲಿಲ್ಲ.

ಗೋಡೆ ಎದ್ದಿತು. ಗಾಳಿ ಅದನ್ನು ಹತ್ತಿ ದಾಟಿ, ಮರೆಗೆ ಬಂದೊಡನೆ ಕುಸಿಯಿತು. ಹೊತ್ತು ತಂದದ್ದನ್ನೆಲ್ಲ ಅಲ್ಲಿಯೇ ಸುರಿಯಿತು. ಎಷ್ಟು ಮಣ್ಣು ಎತ್ತಿ ಹಾಕಿದರೂ ಒಂದೇ ಗಾಳಿಗಾಲಕ್ಕೆ ಬಾವಿ ಬಾಯಿಮಟ್ಟ ತುಂಬಿತು. ಊರು ತೆಂಕಣ ಹಳ್ಳದ ದಂಡೆಗೆ ಗುಳೆ ಹೊರಟಿತು. ಗೌಡ ತಲೆ ತಗ್ಗಿಸಿ, "ನೀನೂ ಬಾರವ್ವಾ" ಎಂದ.

"ಅಂವ ಬಂದ್ರ ದಾರಿ ಯಾರನ್ನ ಕೇಳ್ಬೇಕ್ರಿ?" ಎಂದಳು ಮಾಳವ್ವ.

ಹಳ್ಳದಿಂದ ನೀರು ಹೊತ್ತು ತಂದುಕೊಂಡು ಅವಳೊಬ್ಬಳೇ ಉಳಿದಳು. ದಿನಕ್ಕೆ ಕೈಲಾದಷ್ಟು ಗೋಡೆಯ ಕಲ್ಲು ಕಿತ್ತಳು. ಎಷ್ಟು ವರ್ಷ ಹಿಡಿಯಿತೋ, ನೋಡಲು ಯಾರೂ ಇರಲಿಲ್ಲ. ಗೋಡೆಯ ನಡುಭಾಗ ಬಿದ್ದ ಸಂಜೆ ಕಂಬಳಿಯ ಮೇಲೆ ಬಿಳಿ ಧೂಳು ಕೂತಿತ್ತು. ಅಂದೂ ಅವಳು ಎರಡು ರೊಟ್ಟಿ ಹೆಚ್ಚು ಬಡಿದಳು ಎನ್ನುತ್ತಾರೆ. ಹೊಳೆಯಪ್ಪ ಬಂದನೆಂದು ಯಾರೂ ಹೇಳುವುದಿಲ್ಲ.

ಈಗಲೂ ಇಲ್ಲಿಗೆ ಬಂದವರು ಬಂಡೆಯ ಮೇಲೆ ಕರಿ ಬಟ್ಟೆ ನೆನೆಸಿ ಹಾಸುತ್ತಾರೆ. ಬಾಗಿಲು ತೆರೆದ ಮೇಲೆ ಗಾಳಿಯೇ ಬಾವಿಯ ಮಣ್ಣನ್ನು ವರ್ಷವರ್ಷವೂ ಒಂದಿಷ್ಟು ಒಯ್ಯುತ್ತಿದೆ. ಹಿರಿಯರ ಪ್ರಕಾರ ಬಾವಿಗೆ ಮೂವತ್ತೆರಡು ಮೆಟ್ಟಿಲು. ಈಗ ಕಾಣುವುದು ಒಂಬತ್ತು.