ಗಡಸು ನೀರು, ದಪ್ಪ ಕೋಳಿ

ಕೋಲಾರದ ಕಡೆ ಒಂದು ಊರು. ಊರಂಚಿನಲ್ಲಿ ಎರಡು ಕೋಣೆಯ ಪುಟ್ಟ ಮನೆ. ಅಲ್ಲಿ ಮುನಿರಾಜು, ಅವನ ಹೆಂಡತಿ ಸುಗುಣ, ತಾಯಿ ನಾರಾಯಣಮ್ಮ. ಹಿತ್ತಲಲ್ಲಿ ಒಂದು ಕೋಳಿ.

ಹೊಸದಾಗಿ ಬಂದ ಮನೆ. ಮನೆ ಚೆನ್ನಾಗಿತ್ತು, ನೀರು ಚೆನ್ನಾಗಿರಲಿಲ್ಲ. ಬೋರ್‌ವೆಲ್ಲಿನ ಗಡಸು ನೀರು. ಸೋಪು ನೊರೆ ಬಿಡದು. ಮುನಿರಾಜುವಿನ ಅಂಗಿ ಒಣಗಿದರೆ ಹಪ್ಪಳ. ಸುಗುಣ ತಲೆ ಬಾಚಿದರೆ ಬಾಚಣಿಗೆ ತುಂಬ ಕೂದಲು. ಹಂಡೆಯ ತಳಕ್ಕೆ ಸುಣ್ಣ ಬಳಿದ ಹಾಗೆ ಬಿಳಿ ಕಟ್ಟಿತ್ತು.

ನೀರಿಗೆ ಏನು ಮಾಡುವುದು? ಮುನಿರಾಜು ಹೆಂಡತಿಯನ್ನು ಕೇಳಿದ. ಪಕ್ಕದ ಮನೆಯವರನ್ನು ಕೇಳಿದ. ಅಂಗಡಿಯವನನ್ನು ಕೇಳಿದ. ತಾಯಿಯನ್ನು ಕೇಳಲಿಲ್ಲ. ಆಕೆ ಯಾವತ್ತೂ ದೂರು ಹೇಳಿದವಳಲ್ಲ.

ಅಂಗಡಿಯವನು ಉಪ್ಪು ಹಾಕಿ ನೀರಿನ ಗಡಸು ತೆಗೆಯುವ ಮಿಷನ್ನು ತೋರಿಸಿದ. "ಸ್ನಾನಕ್ಕೆ, ಬಟ್ಟೆಗೆ ಇದು. ಅಡುಗೆಗೆ ಬೇರೆ ತಗೋಬೇಕು" ಎಂದ. ಎರಡು ಕೊಳ್ಳುವ ಶಕ್ತಿ ಮುನಿರಾಜುವಿಗೆ ಇರಲಿಲ್ಲ. "ಅಡುಗೆಗೇನಾಗಿದೆ? ನಡೀತಿದೆಯಲ್ಲ" ಎಂದುಕೊಂಡು ಸ್ನಾನದ ಮಿಷನ್ನನ್ನೇ ಕಳಿಸಲು ಹೇಳಿದ.

ನಾರಾಯಣಮ್ಮನಿಗೆ ಹಲ್ಲಿರಲಿಲ್ಲ. ಆ ಸೀಮೆಯಲ್ಲಿ ಅದು ದೊಡ್ಡ ಕೊರತೆಯಲ್ಲ. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಮುರಿದು, ಸಾರಿಗೆ ಅದ್ದಿ, ನುಂಗುತ್ತಾರೆ. ಅವಳೂ ನುಂಗುತ್ತಿದ್ದಳು. ಹಿತ್ತಲ ಮೆಟ್ಟಿಲ ಮೇಲೆ ಕೂತು ಉಣ್ಣುವುದು ಅವಳ ರೂಢಿ. ತಟ್ಟೆ ಖಾಲಿಯಾಗಿಯೇ ಒಳಗೆ ಬರುತ್ತಿತ್ತು. ಆದರೂ ಮುದುಕಿ ಸೊರಗುತ್ತಿದ್ದಳು. ಕೇಳಿದರೆ, "ಬಿಸಿಲು ಕಣಪ್ಪ" ಎನ್ನುತ್ತಿದ್ದಳು.

ಮಿಷನ್ನು ಇಡಲು ಮನೆಯಲ್ಲಿ ಒಂದೇ ಜಾಗವಿತ್ತು. ಹಿತ್ತಲ ಮೂಲೆ, ಕೋಳಿಬುಟ್ಟಿ ಇದ್ದ ಕಡೆ. ಸುಗುಣ ಬುಟ್ಟಿ ಸರಿಸಲು ಕೋಳಿಯನ್ನು ಎತ್ತಿದಳು.

"ಅಯ್ಯೋ! ಅತ್ತೆ, ಏನಿದು ಇಷ್ಟು ಭಾರ? ಹಬ್ಬಕ್ಕೆ ಮೇಯಿಸ್ತಿದ್ದೀರಾ?"

"ಅದಕ್ಕೇನಮ್ಮಣ್ಣಿ, ಹುಳ ಹುಪ್ಪಟೆ ತಿನ್ನುತ್ತೆ."

ಸುಗುಣ ಬುಟ್ಟಿಯನ್ನೂ ಎತ್ತಿದಳು. ಅಡಿಯಲ್ಲಿ ಅಲಸಂದೆ ಕಾಳು ಚೆಲ್ಲಿತ್ತು. ಸಾರಿನ ಬಣ್ಣ ಹತ್ತಿದ ಕಾಳು. ಒಂದನ್ನು ಬೆರಳಲ್ಲಿ ಹಿಸುಕಿದಳು. ಒಡೆಯಲಿಲ್ಲ.

ತನಗೆ, ಗಂಡನಿಗೆ ಹಲ್ಲಿತ್ತು. ಕುಕ್ಕರ್ ಎಷ್ಟು ಕೂಗಿದರೂ ಆ ನೀರಲ್ಲಿ ಬೇಯದ ಕಾಳನ್ನು ಕಡಿದು ತಿಂದಿದ್ದರು. ಅತ್ತೆಗೆ?

"ಅತ್ತೆ, ಕಾಳೆಲ್ಲ ಕೋಳಿಗೆ ಹಾಕಿ, ಇಷ್ಟು ದಿನ ಬರೀ ಸಾರಿನ ನೀರಲ್ಲಿ ಮುದ್ದೆ ನುಂಗಿದಿರಾ? ಹೇಳಬಾರದಿತ್ತಾ?"

"ಹೇಳಿದ್ರೆ ನೀನು ನಿನ್ನ ಅಡುಗೆ ಸರಿಯಿಲ್ಲ ಅಂದ್ಕೋತಿದ್ದೆ. ನಿನ್ನ ತಪ್ಪಲ್ಲಮ್ಮ, ನೀರಿಂದು."

ಮುನಿರಾಜು ಬಾಗಿಲಲ್ಲಿ ನಿಂತು ಕೇಳಿಸಿಕೊಂಡ. ಅಂಗಡಿಗೆ ಫೋನ್ ಮಾಡಿ, ಮಿಷನ್ನು ಈಗ ಬೇಡ ಎಂದ.

ಸುಗುಣ ಹಂಡೆಯ ತಳ ನೋಡುತ್ತ ಯೋಚಿಸಿದಳು. ಕಾಯಿಸಿದರೆ ಬಿಳಿ ತಳಕ್ಕೆ ಕೂರುತ್ತದೆ. ಕೂತದ್ದು ನೀರಿನಲ್ಲಿ ಉಳಿಯುವುದಿಲ್ಲ. ಸ್ನಾನದ ಒಲೆಯ ಮೇಲೆ ಒಂದು ಪಾತ್ರೆ ನೀರನ್ನು ಚೆನ್ನಾಗಿ ಕುದಿಸಿ, ಮುಚ್ಚಿಟ್ಟಳು. ತಣಿದು ತಿಳಿಯಾದ ಮೇಲೆ ಅಲುಗಿಸದೆ ಮೇಲಿನ ನೀರು ಬಸಿದುಕೊಂಡಳು. ಅದರಲ್ಲೇ ಕಾಳು ನೆನೆಸಿ, ಅದರಲ್ಲೇ ಬೇಯಿಸಿದಳು. ಕಾಳು ಬೆಂದಿತು. ಮಿಕ್ಕ ಒಂದು ಚೊಂಬು ನೀರು ಅವಳ ತಲೆ ತೊಳೆಯಲೂ ಆಯಿತು.

ಮುನಿರಾಜು ಸೂರಿನಂಚಿಗೆ ಮಳೆನೀರು ಹರಿಯಲು ತಗಡಿನ ದೋಣಿ ಕಟ್ಟಿದ. ಕೆಳಗೆ ಡ್ರಮ್ಮು ಇಟ್ಟು, ಬಾಯಿಗೆ ಬಟ್ಟೆ ಬಿಗಿದ. ಮಳೆ ಬಂದರೆ ಅದೂ ಒಲೆಗೆ, ಅಡುಗೆಗೆ. ಅಂಗಿ ಹಪ್ಪಳವಾಗಿಯೇ ಉಳಿಯಿತು. ಅದನ್ನು ತೊಟ್ಟುಕೊಂಡೇ ಓಡಾಡಿದ.

ಕಾಳು ಬೆಂದ ದಿನ ಊಟದ ಹೊತ್ತಿಗೆ ಕೋಳಿ ಎಂದಿನಂತೆ ಮೆಟ್ಟಿಲ ಬಳಿ ಬಂದು ನಿಂತಿತು. ಕತ್ತು ಓರೆ ಮಾಡಿ ತಟ್ಟೆ ನೋಡಿತು. ನಾರಾಯಣಮ್ಮ ಒಂದು ಕಾಳನ್ನು ನಾಲಿಗೆಯಲ್ಲಿ ಒತ್ತಿದಳು. ಕರಗಿತು.

"ಹೋಗೇ ಅತ್ಲಾಗೆ. ಇವತ್ತು ನನಗೇ ಸಾಲದು" ಎಂದಳು.

ಒಳಗಿನಿಂದ ಸುಗುಣ ಸಾರಿನ ಪಾತ್ರೆ ತಂದಳು.

ನೀತಿ: ಮನೆಗೆ ಮದ್ದು ತರುವ ಮೊದಲು ನೋವು ಯಾರಿಗೆ ಎಂದು ಕೇಳಿ. ದೂರು ಹೇಳದವರನ್ನು ಮೊದಲು ಕೇಳಿ.