ಹಾಡುವ ಕಂಬ ಬಾಯಿ ಮುಚ್ಚಿದ್ದು

ಒಂದು ಹಳೇ ಮಂಟಪದಲ್ಲಿ ಹಾಡುವ ಕಲ್ಲುಕಂಬವಿತ್ತು. ತಟ್ಟಿದರೆ ಹೊಮ್ಮುವ ನಾದಕ್ಕೆ ಹಾರುವ ಹದ್ದು ರೆಕ್ಕೆ ಬಡಿಯುವುದನ್ನೇ ಮರೆತು ದೊಪ್ಪನೆ ಬೀಳುತ್ತಿತ್ತು; ಸುಳ್ಳೆನ್ನುವವರು ಆ ಹದ್ದನ್ನೇ ಕೇಳಲಿ. ಮಂಟಪವನ್ನು ಕಾಪಾಡುತ್ತೇವೆಂದು ವಿಶ್ವವಿದ್ಯಾಲಯ ವಹಿಸಿಕೊಂಡಿತು. ಪ್ರವಾಸೋದ್ಯಮ ಓದುವವರು ಕಂಬ ತಟ್ಟಿ ವಿವರಿಸಿದರೇ ಪರೀಕ್ಷೆ ಪಾಸು. ಹತ್ತು ವರ್ಷ ತಟ್ಟಿಸಿಕೊಂಡ ಕಂಬದ ನಡು ಬಿರುಕುಬಿಟ್ಟಿತು.

“ಹಲ್ಲಿಯಕ್ಕ, ಇನ್ನೊಂದು ತಂಡ ಬಂದರೆ ನಾನು ಎರಡು ತುಂಡು. ಏನು ಮಾಡಲಿ?” ಎಂದಿತು ಕಂಬ.

ಬಿರುಕಿನಲ್ಲಿ ಸಂಸಾರ ಹೂಡಿದ್ದ ಹಲ್ಲಿ ಲೊಚಗುಟ್ಟಿತು. “ಹಾಡುವುದಕ್ಕೆ ತಾನೇ ತಟ್ಟುವುದು? ಬಾಯಿ ಮುಚ್ಚಿಕೊಂಡಿರು, ಮಾರಾಯ.”

ಮರುದಿನ ತಂಡ ಬಂತು. ಎಷ್ಟು ತಟ್ಟಿದರೂ ಕಂಬ ಉಸಿರೆತ್ತಲಿಲ್ಲ. ಮೇಷ್ಟ್ರು ಕಿವಿಯಾನಿಸಿ ನೋಡಿ, “ಇದು ಸತ್ತಿದೆ, ಪಕ್ಕದ್ದನ್ನು ತಟ್ಟಿ” ಎಂದರು.

ಪಕ್ಕದ್ದು ಅದೇ ಬಂಡೆಯಲ್ಲಿ ಹುಟ್ಟಿದ ತಮ್ಮ. ಕಬ್ಬಿನ ಜಲ್ಲೆಯಷ್ಟು ತೆಳು. ಮೊದಲ ಪೆಟ್ಟಿಗೇ ಸಣ್ಣಗೆ ಹಾಡಿಬಿಟ್ಟಿತು. ಐವತ್ತು ಕೈಗಳು ಅದರ ಮೇಲೆ ಬಿದ್ದವು.

“ಅಣ್ಣಾ, ನಾನೇನು ತಪ್ಪು ಮಾಡಿದೆ?”

ಅಣ್ಣ ಕಂಬಕ್ಕೆ ತಡೆಯಲಾಗಲಿಲ್ಲ. ಅವನನ್ನು ಬಿಟ್ಟು ನನ್ನನ್ನೇ ತಟ್ಟಲಿ ಎಂದು ಬಿರುಕು ಲೆಕ್ಕಿಸದೆ ಪೂರ್ತಿ ಗಂಟಲಿನಿಂದ ಹಾಡಿತು.

ಮೇಷ್ಟ್ರ ಮುಖ ಅರಳಿತು. “ಭೇಷ್, ಎರಡೂ ಹಾಡುತ್ತವೆ. ಬರೆದುಕೊಳ್ಳಿ, ಇನ್ನು ಮೇಲೆ ಪರೀಕ್ಷೆಗೆ ಎರಡು ಕಂಬ.”